ಚಿಕ್ಕಮ್ಮನ ತಟ್ಟೆಯ ಮೊಟ್ಟೆ

ಗೆಳೆಯರೇ, ಇವತ್ತು ನಮ್ಮ ಚಿಕ್ಕಪ್ಪ ಚಿಕ್ಕಮ್ಮನ ತಟ್ಟೆಯಿಂದ ಬೇಯಿಸಿದ ಮೊಟ್ಟೆಯನ್ನು ಎತ್ತಿಟ್ಟುಬಿಟ್ಟರು. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಊಟ ಸೇರುವುದೇ ಕಷ್ಟ. ಮಾಂಸಖಂಡದಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಅವರ ಗಡ್ಡೆಯ ಜೀವಕೋಶಗಳಲ್ಲೂ ಇದೆ ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಗರಡಿಯಲ್ಲಿ ಬೆಳೆದ ಚಿಕ್ಕಪ್ಪನಿಗೆ ಪ್ರೋಟೀನ್ ಎಂದರೆ ಮೊಟ್ಟೆ.

“ನಾನೇ ತಿನ್ನಿಸಿ ತಿನ್ನಿಸಿ ಆ ಗಡ್ಡೇನ ಸಾಕ್ಬುಟ್ಟೆ ಕಣೋ!” ಎಂದು ಅತ್ತರು.

“ಅದು ಮೊಟ್ಟೆಯಿಂದ ಬರೋದಲ್ಲ ಚಿಕ್ಕಪ್ಪ, ಜೀವಕೋಶಾನೇ ಮಾಡ್ಕೊಳ್ಳುತ್ತೆ,” ಎಂದೆ.

“ಯಾಕೆ ಮಾಡ್ಕೊಳ್ಳುತ್ತೆ?”

“ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ.”

ಚಿಕ್ಕಮ್ಮ ಕೈ ಚಾಚಿದರು. “ಕೊಡ್ರೀ ಪೈಲ್ವಾನ್ರೇ. ಕುಸ್ತಿಗೆ ಇಳ್ದಿರೋಳು ನಾನು, ನನ್ನೇ ಉಪವಾಸ ಕೆಡವ್ತೀರಲ್ಲ!”

ಅರ್ಧ ಮೊಟ್ಟೆಗೇ ಸುಸ್ತಾಗಿ ಅವರು ಮಲಗಿದರು. ಪೈಲ್ವಾನರು ಉಳಿದರ್ಧ ಹಿಡಿದುಕೊಂಡು ಇನ್ನೂ ಪಕ್ಕದಲ್ಲೇ ಕೂತಿದ್ದಾರೆ.