ಕಣ್ಣಿಗೆ ಕಾಣುವ ತಪ್ಪು

ತಿಮ್ಮರಾಯಪ್ಪ ಗಾಡಿ ನಿಲ್ಲಿಸುವುದನ್ನು ಕಲಿತದ್ದು ಪೊಲೀಸ್ ತರಬೇತಿಯಲ್ಲಲ್ಲ, ಶ್ರೀರಾಂಪುರದ ಕಡೆಯ ಬಯಲಿನಲ್ಲಿ, ಅಪ್ಪನ ಕುರಿಮಂದೆಯ ನಡುವೆ. ಮಂದೆ ಓಡುತ್ತಿರುವಾಗಲೇ ತುದಿಗೆ ಕೊಕ್ಕೆಯಿರುವ ಕೋಲನ್ನು ಕಾಲುಗಳ ನಡುವೆ ತೂರಿಸಿ, ಬೇಕಾದ ಕುರಿಯ ಹಿಂಗಾಲನ್ನೇ ಎಳೆದು ಕೆಡವಬೇಕು. ಪಕ್ಕದ ಕುರಿಗೆ ತಾಗಬಾರದು. ಈ ವಿದ್ಯೆ ಅವನಿಗೆ ಮೀಸೆ ಬರುವ ಮೊದಲೇ ಕೈವಶವಾಗಿತ್ತು. ಮುಂದೆ ಖಾಕಿ ತೊಟ್ಟ, ಹೆಡ್ ಕಾನ್‌ಸ್ಟೆಬಲ್ ಆದ. ಕೊಕ್ಕೆಕೋಲು ಹೋಗಿ ಲಾಠಿ ಬಂತು, ಕುರಿಗಳು ಹೋಗಿ ಹೊಸದುರ್ಗದ ರಸ್ತೆಯ ಬೈಕುಗಳು ಬಂದವು. ಮನುಷ್ಯ ಮಾತ್ರ ಬದಲಾಗಲಿಲ್ಲ.

ಅವನನ್ನು ಕೆಟ್ಟವನೆಂದು ನಮ್ಮ ಕಡೆ ಯಾರೂ ಹೇಳುತ್ತಿರಲಿಲ್ಲ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಲಂಚ ಮುಟ್ಟುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಮದುವೆಮನೆಗೆ ಹೋದರೆ ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ತಿರುವಿನ ಹುಣಸೆ ಮರದ ಮರೆಯಲ್ಲಿ ನಿಂತಿರುತ್ತಿದ್ದ. ಬೈಕು ಹತ್ತಿರ ಬಂದದ್ದೇ ತಡ, ರಸ್ತೆಗೆ ಹಾರಿ ಲಾಠಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಕೀ ಕಿತ್ತುಕೊಳ್ಳುತ್ತಿದ್ದ. ದಾಖಲೆ ಎಲ್ಲಾ ಸರಿಯಿದ್ದರೆ ಕೀ ವಾಪಸು ಕೊಟ್ಟು ಹೋಗು ಅನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಹಿಡಿಯುವ ರುಚಿ ಅಷ್ಟೇ.

ಆ ವರ್ಷ ಅವನಿದ್ದ ಠಾಣೆಗೆ ರಾಜಶೇಖರ್ ಎಂಬ ಹೊಸ ಎಸ್‌ಐ ಬಂದರು. ಒಂದು ಬೆಳಿಗ್ಗೆ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೇಲಿನಿಂದ ಬಂದ ಸೂಚನೆಯನ್ನು ಓದಿ ಹೇಳಿದರು. ಕಣ್ಣಿಗೆ ಕಾಣುವ ತಪ್ಪು ಇದ್ದರೆ ಮಾತ್ರ ಗಾಡಿ ನಿಲ್ಲಿಸಬೇಕು. ಸುಮ್ಮನೆ ದಾಖಲೆ ನೋಡುವ ನೆಪದಲ್ಲಿ ತಡೆಯಬಾರದು. ರಸ್ತೆಗೆ ಹಾರಬಾರದು, ಕೀ ಕೀಳಬಾರದು. ಬ್ಯಾರಿಕೇಡ್ ಇಟ್ಟು, ಪಕ್ಕದಲ್ಲಿ ನಿಂತು, ಕೈ ತೋರಿಸಿ ನಿಲ್ಲಿಸಬೇಕು.

"ಸಾರ್, ಕುರಿ ಹಿಡಿಯಾಕೆ ಕುರಿ ತಪ್ಪು ಮಾಡಿರ್ಬೇಕೇನ್ರಿ?" ಅಂದ ತಿಮ್ಮರಾಯಪ್ಪ.

ಎಲ್ಲರೂ ನಕ್ಕರು, ಎಸ್‌ಐ ನಗಲಿಲ್ಲ. "ತಿಮ್ಮರಾಯಪ್ಪ, ನಿಮಗೆ ಎಎಸ್‌ಐ ಬಡ್ತಿ ಹತ್ರ ಬಂದಿದೆ. ನಿಮ್ಮ ಮೇಲೆ ಒಂದೇ ಒಂದು ದೂರು ಬಂದ್ರೂ ಹೆಗಲಿಗೆ ಸ್ಟಾರ್ ಬರಲ್ಲ, ನೆನಪಿರ್ಲಿ" ಅಂದರು.

ಮೊನ್ನೆ ಮೊನ್ನೆ ಬಂದ ಹುಡುಗರ ಮುಂದೆ ಬೈಸಿಕೊಂಡದ್ದು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಠಾಣೆಯಿಂದ ನೇರ ತಿರುವಿಗೆ ಹೋದವನು ಜೊತೆಗಿದ್ದ ಪೇದೆ ನಾಗರಾಜನಿಗೆ ಹೇಳಿದ, "ಯಾವ್ದು ಬೇಕು ತೋರ್ಸಲೇ, ಹಿಡೀತೀನಿ."

ನಾಗರಾಜನಿಗೂ ತಮಾಷೆ ಬೇಕಿತ್ತು. ಸಾಲಾಗಿ ಬರುತ್ತಿದ್ದ ಬೈಕುಗಳಲ್ಲಿ ನಡುವಿನದನ್ನು ತೋರಿಸಿದ. "ಆ ಕೆಂಪು ಬೈಕು, ಅಣ್ಣ."

ಕೆಂಪು ಬೈಕಿನ ಸವಾರ ಹೆಲ್ಮೆಟ್ ಹಾಕಿದ್ದ. ನಿಧಾನವಾಗಿ ತನ್ನ ಎಡಗಡೆಯಲ್ಲೇ ಬರುತ್ತಿದ್ದ. ಲಾಠಿ ಹ್ಯಾಂಡಲ್ಲಿಗೆ ಸಿಕ್ಕಿಕೊಂಡಿತು, ಬೈಕು ಮೊಗಚಿತು, ಸವಾರನ ಎಡಗೈ ಮೋರಿಯ ಕಲ್ಲಿಗೆ ಬಡಿಯಿತು. ಹಿಂದೆ ಮುಂದೆ ಬರುತ್ತಿದ್ದ ಬೈಕುಗಳಿಗೆ ಏನೂ ತಾಗಲಿಲ್ಲ. ಹಿಡಿತ ಅಷ್ಟು ಚೊಕ್ಕವಾಗಿತ್ತು.

ಹೆಲ್ಮೆಟ್ ತೆಗೆದು ನೋಡಿದರೆ ಪ್ರಭುಲಿಂಗ, ತಿಮ್ಮರಾಯಪ್ಪನ ಊರಿನವನೇ, ದೂರದ ಅಕ್ಕನ ಮಗ. ಖಾಸಗಿ ಶಾಲೆಯೊಂದರ ಬಸ್ ಓಡಿಸುತ್ತಿದ್ದ. ಅವನು ಗೇರ್ ಬದಲಿಸಿದ್ದು ಒಳಗೆ ಕೂತ ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ಗೇರ್ ಹಾಕುವುದು ಎಡಗೈ. ಈಗ ಮುಂಗೈ ಮೇಲೆ ಮುರಿದು ಜೋತುಬಿದ್ದಿದ್ದದ್ದೂ ಅದೇ.

"ಮಾವ, ನಾನೇನ್ ತಪ್ಪು ಮಾಡಿದ್ದೆ?"

"ಏನೂ ಇಲ್ಲ ಕಣಲೇ. ಅದಕ್ಕೇ ಈಗ ಎಲ್ಲೂ ಬಾಯಿ ಬಿಡಬ್ಯಾಡ."

ತಪ್ಪು ಮಾಡಿದವನನ್ನು ಕೆಡವಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆಸ್ಪತ್ರೆಗೆ ಹೋದರೆ ಹೇಗಾಯಿತು ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಸ್ಟಾರ್ ಹೋಗುತ್ತದೆ. ತಿಮ್ಮರಾಯಪ್ಪ ಅಳಿಯನನ್ನು ಆಟೋದಲ್ಲಿ ಕೂರಿಸಿ ಅವನ ಮನೆಗೇ ಕರೆತಂದ.

ಕುರಿ ಕಾಯುವವರಲ್ಲಿ ಒಂದು ಕಟ್ಟಳೆ. ಕುರಿಯ ಕಾಲನ್ನು ಮುರಿದವನೇ ಅದಕ್ಕೆ ಕಟ್ಟು ಹಾಕಬೇಕು, ಕಟ್ಟು ಹಾಕಿದವನೇ ಬಿಚ್ಚಬೇಕು. ಬೇರೆ ಕೈ ತಾಗಿದರೆ ಮೂಳೆ ಕೂಡುವುದಿಲ್ಲ. ತಿಮ್ಮರಾಯಪ್ಪನ ಮನೆತನದ ಕಟ್ಟೆಂದರೆ ಸುತ್ತಿನ ಹಳ್ಳಿಗಳಲ್ಲಿ ಹೆಸರು. ಅವನು ಬಿದಿರ ದಬ್ಬೆ ಸೀಳಿದ, ಮೊಟ್ಟೆಯ ಲೋಳೆ ಸವರಿದ, ದಬ್ಬೆಗಳನ್ನು ಕೈಯ ಸುತ್ತ ಜೋಡಿಸಿ ಉಣ್ಣೆಯ ಹುರಿಯನ್ನು ನೀರಲ್ಲಿ ಅದ್ದಿ ಬಿಗಿದ. ಒದ್ದೆ ಹುರಿ ಒಣಗುತ್ತಾ ಇನ್ನೂ ಬಿಗಿಯಾಗುತ್ತದೆ. ಕುರಿ ಸುಮ್ಮನೆ ಕೂರುವ ಪ್ರಾಣಿಯಲ್ಲ, ಅದಕ್ಕೆ ಹಾಗೇ ಕಟ್ಟಬೇಕು.

ಪ್ರಭುಲಿಂಗನ ಹೆಂಡತಿ ಮಮತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ದುರ್ಗದ ಜಿಲ್ಲಾಸ್ಪತ್ರೆಗೆ ಹೋಗಾಣ ಬರ್ರಿ, ಎಕ್ಸರೇ ತೆಗೆಸಾಣ" ಎಂದು ಗಂಡನಿಗೆ ಹೇಳಿದಳು.

"ಎಕ್ಸರೇ ಮೂಳೆ ನೋಡ್ತೈತಮ್ಮ, ಕೂಡ್ಸಲ್ಲ" ಅಂದ ತಿಮ್ಮರಾಯಪ್ಪ. "ಇವನು ಮತ್ತೆ ಬಸ್ಸು ಹತ್ತಬೇಕೋ ಬ್ಯಾಡೋ?"

ಹತ್ತಬೇಕಿತ್ತು. ಪ್ರಭುಲಿಂಗನಿಗೆ ಬೇಕಿದ್ದದ್ದು ಅದೊಂದೇ. ಮಾವನ ಕಟ್ಟು ಕೈಯನ್ನು ಉಳಿಸುತ್ತದೆ ಎಂದು ಅವನು ಮನಸಾರೆ ನಂಬಿದ್ದ.

ಮಾರನೆಯ ದಿನ ಬೆರಳು ಊದಿದವು. ಸಂಜೆಯ ಹೊತ್ತಿಗೆ ನೀಲಿಯಾದವು. ಮಮತಾ ಫೋನ್ ಮಾಡಿದಾಗ ತಿಮ್ಮರಾಯಪ್ಪ ಹಿರಿಯೂರಿನಲ್ಲಿ ಬಂದೋಬಸ್ತಿನಲ್ಲಿದ್ದ.

"ಕುರಿನೂ ಎರಡ್ ದಿನ ಕಾಲು ಎಳೀತೈತೆ, ಆಮೇಲೆ ತಾನೇ ಮೇಯಾಕೆ ಹೋಗ್ತೈತೆ. ನಾನು ಬರೋತಂಕ ಕಟ್ಟು ಮುಟ್ಟಬ್ಯಾಡ್ರಿ" ಅಂದ.

ಆ ರಾತ್ರಿ ಪ್ರಭುಲಿಂಗ ನೋವೆಂದು ಒದ್ದಾಡಿದ. ಬೆಳಿಗ್ಗೆ ನೋವು ನಿಂತಿತು. ನೋವು ನಿಂತದ್ದಕ್ಕೆ ಅವನಿಗೆ ಸಮಾಧಾನವಾಯಿತು, ಮಮತಾಳಿಗೆ ಭಯವಾಯಿತು. ಬೆರಳಿಗೆ ಸೂಜಿ ಚುಚ್ಚಿ ನೋಡಿದಳು. ಅವನು ಸೂರು ನೋಡುತ್ತಾ ಕೂತಿದ್ದ, ಚುಚ್ಚಿದ್ದೇ ತಿಳಿಯಲಿಲ್ಲ. ಅವಳು ಒಳಗೆ ಹೋಗಿ ಕುರಿಯ ತುಪ್ಪಟ ಕತ್ತರಿಸುವ ದೊಡ್ಡ ಕತ್ತರಿ ತಂದಳು.

ಪ್ರಭುಲಿಂಗ ಕೈಯನ್ನು ಎದೆಗೆ ಅವಚಿಕೊಂಡ. "ಮಾವನೇ ಬಿಚ್ಚಬೇಕು. ನೀನು ಕತ್ತರಿಸಿದ್ರೆ ನಾನು ಬಸ್ ಓಡ್ಸೋದು ಮುಗೀತು, ತಿಳ್ಕ."

ಕತ್ತರಿ ಅವಳ ಕೈಯಲ್ಲೇ ಇತ್ತು. ಒಂದು ಹುರಿ, ಒಂದೇ ಸಲ ಒತ್ತಿದ್ದರೆ ಸಾಕಿತ್ತು. ಕೈ ಉಳಿಯದೇ ಹೋದರೆ ತನ್ನಿಂದಲೇ ಹೋಯಿತು ಎಂದು ಊರು ಜೀವಮಾನವಿಡೀ ಆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕತ್ತರಿಯನ್ನು ಗೂಡಿನಲ್ಲಿಟ್ಟು ದಾರಿ ಕಾಯುತ್ತಾ ಕೂತಳು.

ತಿಮ್ಮರಾಯಪ್ಪ ಬಂದ. ಗಂಟು ಸಡಿಲವಾಗದೆ ಹಲ್ಲಿನಿಂದ ಕಚ್ಚಿ ಬಿಚ್ಚಿದ. ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿದ. ಬೆರಳುಗಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂದ.

ದುರ್ಗದ ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಕತ್ತರಿಸಿದರು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ತಿಮ್ಮರಾಯಪ್ಪ ಎಳನೀರು ಹಿಡಿದುಕೊಂಡು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. "ಅಟ್ಟ ಹತ್ತೋವಾಗ ಬಿದ್ದೆ" ಅಂದ ಪ್ರಭುಲಿಂಗ. ಕಟ್ಟಿದ್ದು ಯಾರು ಅಂದದ್ದಕ್ಕೆ "ಊರೋರು" ಅಂದ. ಮಮತಾ ಬಾಯಿ ತೆರೆದಳು, ಗಂಡ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಮಾವನ ಹೊಟ್ಟೆಯ ಮೇಲೆ ಹೊಡೆಯುವುದು ಅವನಿಗೆ ಬೇಡವಾಗಿತ್ತು. ಇಂಥ ಒಳ್ಳೆಯತನಕ್ಕೆ ಬೆಂಕಿ ಹಾಕ.

ದೂರು ಬರಲಿಲ್ಲ, ಸ್ಟಾರ್ ಬಂತು. ತಿಮ್ಮರಾಯಪ್ಪ ಊರಲ್ಲಿ ಮರಿ ಕೊಯ್ದು ಊಟ ಹಾಕಿಸಿದ. ಪ್ರಭುಲಿಂಗನೂ ಹೋಗಿದ್ದ. ಮಾವ ತಾನೇ ಅವನ ಎಲೆಯ ಪಕ್ಕ ಕೂತು ಎಲುಬಿನಿಂದ ಮಾಂಸ ಬಿಡಿಸಿ ಬಿಡಿಸಿ ಹಾಕಿದ. ನೋಡಿದವರು ಎಂಥ ಪ್ರೀತಿ ಎಂದು ಮಾತಾಡಿಕೊಂಡರು.

ಶಾಲೆಯವರು ಬಸ್ಸಿಗೆ ಬೇರೆಯವನನ್ನು ಹುಡುಕಿಕೊಂಡರು. ಪ್ರಭುಲಿಂಗ ಹಳೆಯ ಮೊಪೆಡ್ ಒಂದನ್ನು ಹಿಡಿದ. ಅದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ, ಬಲಗೈ ಒಂದಿದ್ದರೆ ಓಡುತ್ತದೆ. ಬಿ.ದುರ್ಗದ ಕಡೆಯ ಕೋಳಿ ಫಾರಂನಿಂದ ಮೊಟ್ಟೆಯ ಟ್ರೇಗಳನ್ನು ಕಟ್ಟಿಕೊಂಡು ಅಂಗಡಿಗಳಿಗೆ ಹಾಕತೊಡಗಿದ. ಮನೆಯ ಒಲೆ ಉರಿಯುತ್ತಿದ್ದದ್ದು ಆ ಮೊಪೆಡ್ಡಿನಿಂದಲೇ.

ಒಂದು ದಿನ ಅದೇ ತಿರುವಿನಲ್ಲಿ ಬ್ಯಾರಿಕೇಡ್ ಇತ್ತು. ಹುಣಸೆ ಮರದ ಮರೆಯಲ್ಲಿ ಯಾರೂ ಇರಲಿಲ್ಲ. ತಿಮ್ಮರಾಯಪ್ಪ ಹೊಸ ಸ್ಟಾರ್ ಹೊತ್ತು ರಸ್ತೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿದ್ದ. ಜೀಪಿನ ಹತ್ತಿರ ಎಸ್‌ಐ ರಾಜಶೇಖರ್ ನೋಡುತ್ತಿದ್ದರು. ಬೈಕುಗಳು ಬಂದವು, ಹೋದವು. ತಪ್ಪಿಲ್ಲದ ಒಂದನ್ನೂ ಅವನು ತಡೆಯಲಿಲ್ಲ. ಮೊಪೆಡ್ ಬಂದಾಗ ಮಾತ್ರ ಮೆಲ್ಲನೆ ಕೈ ಎತ್ತಿದ.

"ಗಾಡಿ ಸೈಡಿಗೆ ಹಾಕ್ರಿ."

ಹುಟ್ಟಿದಂದಿನಿಂದ ಲೇ ಅನ್ನುತ್ತಿದ್ದ ಮಾವ ಇವತ್ತು ರೀ ಅಂದದ್ದಕ್ಕೆ ಪ್ರಭುಲಿಂಗನಿಗೆ ನಗು ಬಂತು. "ಹೆಲ್ಮೆಟ್ ಹಾಕೀನಿ, ಇನ್ಸೂರೆನ್ಸ್ ಐತೆ. ನಾನೇನ್ ತಪ್ಪು ಮಾಡಿದೆ ಮಾವ?"

ತಿಮ್ಮರಾಯಪ್ಪ ಅವನ ಅಂಗಿಯ ಖಾಲಿ ತೋಳಿನ ಕಡೆ ಗಲ್ಲ ಎತ್ತಿ ತೋರಿಸಿದ. "ಕಣ್ಣಿಗೆ ಕಾಣ್ತೈತಲ್ಲಪ್ಪ. ಒಂಟಿ ಕೈನಾಗೆ ಹಳೇ ಲೈಸೆನ್ಸ್ ನಡೆಯಲ್ಲ. ಗಾಡಿ ಬಿಟ್ಟು ಹೋಗ್ಬೇಕು."

ಎಸ್‌ಐ ಹತ್ತಿರ ಬಂದು ಅದು ಸರಿ ಅಂದರು. ಈ ಕೈಯಲ್ಲಿ ಓಡಿಸಬಲ್ಲೆನೆಂದು ಮತ್ತೆ ಪರೀಕ್ಷೆ ಕೊಟ್ಟು ಲೈಸೆನ್ಸ್ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ರಸ್ತೆಗೆ ಇಳಿಯುವಂತಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಜೊತೆಯ ಪೇದೆಗಳ ಕಡೆ ತಿರುಗಿ, "ನೋಡಿ, ನಿಲ್ಲಿಸೋದು ಅಂದ್ರೆ ಹೀಗೆ. ತಿಮ್ಮರಾಯಪ್ಪನವರನ್ನ ನೋಡಿ ಕಲಿಯಿರಿ" ಅಂದರು.

ಪ್ರಭುಲಿಂಗ ಮಾವನ ಮುಖವನ್ನೇ ನೋಡಿದ. ಅಲ್ಲಿ ನಾಚಿಕೆ ಇರಲಿಲ್ಲ. ಹೊಗಳಿಸಿಕೊಂಡ ಸಂತೋಷ ಇತ್ತು.

"ಕೀ ಕೊಡ್ರಿ" ಅಂದ ತಿಮ್ಮರಾಯಪ್ಪ.

"ನೀನೇ ತಗೋ ಮಾವ. ನಾನು ಹ್ಯಾಂಡಲ್ ಹಿಡ್ಕಂಡೀನಿ, ಹಿಂದೆ ಮೊಟ್ಟೆ ಅವೆ."

"ನಾವು ಕೀ ಮುಟ್ಟಂಗಿಲ್ಲಪ್ಪ. ರೂಲ್ಸ್."

ತಿಮ್ಮರಾಯಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಪ್ರಭುಲಿಂಗ ಮೊಪೆಡ್ಡನ್ನು ತೊಡೆಗೆ ಒರಗಿಸಿಕೊಂಡು, ಹ್ಯಾಂಡಲ್ಲಿನಿಂದ ಕೈ ತೆಗೆದು ಕೀಗೆ ಹಾಕಿದ. ಮೊಪೆಡ್ ಆಚೆ ಕಡೆಗೆ ವಾಲಿತು. ಅದನ್ನು ಹಿಡಿಯಲೆಂದು ಇಲ್ಲದ ಎಡಗೈಯನ್ನು ಚಾಚಿದ.