ಜಾರುವ ಕಟ್ಟೆ

ತಳಕಲ್ಲಿನ ನಮ್ಮ ಓಣಿಯಲ್ಲಿ ಪ್ರತಿ ಮನೆಯ ಮುಂದೂ ಕೂಡಲು ಒಂದು ಕಲ್ಲಿನ ಕಟ್ಟೆ ಇರಬೇಕು. ಕಟ್ಟೆಗೂ ದಾರಿಗೂ ನಡುವೆ ಗೋಡೆಯಾಗಲಿ ಗೇಟಾಗಲಿ ಬರಕೂಡದು. ಇದು ಸರಕಾರದ ಕಾನೂನಲ್ಲ, ನಮ್ಮ ಓಣಿ ಸಂಘದ್ದು. ಸಂಘ ಎಂದರೆ ಹತ್ತು ಹನ್ನೆರಡು ಜನ, ಒಂದು ರಬ್ಬರ್ ಸ್ಟಾಂಪು, ಅಧ್ಯಕ್ಷರಾಗಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಹೊಸ ಮನೆ ಕಟ್ಟಿದವರೆಲ್ಲ ಕಾಂಪೌಂಡು ಏರಿಸಿ ಒಳಗೆ ಸೇರಿಕೊಂಡರೆ ಓಣಿ ಓಣಿಯಾಗಿ ಉಳಿಯುವುದಿಲ್ಲ ಎಂಬ ಹೆದರಿಕೆಯಿಂದ ಹುಟ್ಟಿದ ಸಂಘ. ಆಗ ನನಗೆ ಅದು ಕೆಲಸವಿಲ್ಲದವರ ಕೂಟದಂತೆ ಕಂಡಿತ್ತು.

ನಾನೂ ನಮ್ಮ ಯಜಮಾನರೂ ಗಂಗಾವತಿಯಲ್ಲಿ ಶಾಲಾ ಶಿಕ್ಷಕರಾಗಿದ್ದು ನಿವೃತ್ತರಾದವರು. ತಾವು ಹುಟ್ಟಿದ ಓಣಿಗೇ ಹೋಗೋಣ ಎಂದು ಅವರು ಹಟ ಹಿಡಿದರು. ಬಂದು, ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದೆವು. ಆಳೆತ್ತರದ ಗೋಡೆ, ಕಬ್ಬಿಣದ ಗೇಟು, ಎಲ್ಲ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಸಂಘದ ನಾಲ್ವರು ಬಂದರು.

"ಅಕ್ಕೋರ, ಗೇಟ್ ಒಂದ ಬ್ಯಾಡ್ರಿ," ಅಂದರು ಅಧ್ಯಕ್ಷರು. "ಕಟ್ಟಿ ಇರ್ಲಿ. ಬಂದವರು ಎರಡ ನಿಮಿಷ ಕುಂತು ಹೋಗ್ತಾರ."

"ಬಂದವರು ಕುಂದ್ರಾಕ ನನ್ನ ಮನಿ ಏನ್ ಬಸ್ ಸ್ಟ್ಯಾಂಡೇನ್ರಿ?"

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬಸ್ ಸ್ಟ್ಯಾಂಡ್ನ್ಯಾಗ ಭಾಳ ವರ್ಷ ಕಳದೀನ್ರಿ. ಅಲ್ಲಿ ಯಾರೂ ಯಾರನ್ನೂ ಕೇಳಂಗಿಲ್ರಿ."

"ಒಂದ ಕಟ್ಟಿಗೆ ಯಾಕ ಜಗಳ, ಹೂಂ ಅನ್ನು," ಎಂದರು ಯಜಮಾನರು. ಬಾಯಲ್ಲಿ ಹೂಂ ಅಂದೆ. ಮನಸ್ಸು ಒಪ್ಪಿರಲಿಲ್ಲ. ಕುಷ್ಟಗಿ ಕಡೆಯಿಂದ ನುಣುಪಾದ ಗ್ರಾನೈಟ್ ತರಿಸಿ, ಕಟ್ಟೆಯನ್ನು ದಾರಿಯ ಕಡೆಗೆ ಇಳಿಜಾರಾಗಿ ಕಟ್ಟಲು ಗೌಂಡಿಗೆ ಹೇಳಿದೆ. ಮಳೆನೀರು ನಿಲ್ಲಬಾರದು ಎಂಬ ನೆಪ ಕೊಟ್ಟೆ.

ಗೌಂಡಿ ನನ್ನ ಮುಖ ನೋಡಿದ. "ನೀರಷ್ಟ ಅಲ್ರಿ ಅಕ್ಕೋರ, ಮಂದೀನೂ ನಿಲ್ಲಂಗಿಲ್ಲ."

"ಹೇಳಿದಷ್ಟು ಮಾಡಪಾ," ಅಂದೆ.

ಮೊದಲು ಕುಳಿತವರು ಎದುರು ಮನೆಯ ಅಜ್ಜ. ಕುಳಿತಷ್ಟೇ ಬೇಗ ಜಾರಿ ಕೆಳಗಿಳಿದರು. ಧೋತರ ಕೊಡವಿಕೊಂಡು ಹೋದರು. ನಾನು ಕಿಟಕಿಯಲ್ಲಿ ನಿಂತು ನಕ್ಕಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕಿದ್ದು ನಿಜ. ಸಂಘದವರು ಬಂದು ಕಟ್ಟೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಚಹಾ ಕುಡಿದು ಹೋದರು.

ಎರಡನೆಯ ವರ್ಷಕ್ಕೆ ಯಜಮಾನರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುವುದು, ಆಮೇಲೆ ಉಂಡದ್ದು, ಆಮೇಲೆ ಇದು ಯಾವ ಊರು ಅನ್ನುವುದು. ಇದು ಕಡಿಮೆಯಾಗುವ ರೋಗವಲ್ಲ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರು ಕೊಪ್ಪಳದ ಡಾಕ್ಟರು. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವರಿರಲಿಲ್ಲ. ಬರಿಗಾಲಲ್ಲೇ ಓಡಿದೆ. ಓಣಿಯ ತುದಿಯಲ್ಲಿ ಅಧ್ಯಕ್ಷರು ಅವರ ಕೈ ಹಿಡಿದುಕೊಂಡು ಬರುತ್ತಿದ್ದರು.

"ಕೊಪ್ಪಳ ಬಸ್ಸಿನ್ಯಾಗ ಕುಂತಿದ್ರು. ಗಂಗಾವತಿ ಸಾಲಿಗೆ ತಡ ಆಗೇತಿ ಅಂದ್ರು. ಇವತ್ತ ಸೂಟಿ ಐತ್ರಿ ಮಾಸ್ತರ ಅಂದೆ, ಇಳದ್ರು."

"ನೋಡ್ರಿ, ಇದಕ್ಕ ಗೇಟ್ ಬೇಕಂದಿದ್ದೆ," ಎಂದು ಸಿಟ್ಟನ್ನೆಲ್ಲ ಅವರ ಮೇಲೆಯೇ ತೀರಿಸಿಕೊಂಡೆ. "ನಾಳಿನ ಹಚ್ಚಿ ಕೀಲಿ ಹಾಕ್ತೀನಿ."

"ಎಂಟ ದಿನ ತಡೀರಿ ಅಕ್ಕೋರ," ಅಂದರು ಅವರು.

ಮರುದಿನ ಬೆಳಿಗ್ಗೆ ಎದುರು ಮನೆಯ ಅಜ್ಜ ಗೋಣಿಚೀಲ ಮಡಚಿ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಅವರು ಎದ್ದಾಗ ಅಧ್ಯಕ್ಷರು ಬಂದರು. ಮಧ್ಯಾಹ್ನ ಹೆಣ್ಣುಮಕ್ಕಳು ಶೇಂಗಾ ಸುಲಿಯಲು ಬಂದರು. ಯಜಮಾನರು ಬಾಗಿಲು ತೆರೆದ ಕೂಡಲೇ ಯಾರಾದರೂ "ಬರ್ರಿ ಮಾಸ್ತರ, ಕುಂದರ್ರಿ" ಅನ್ನುವರು. ಅವರು ಕುಳಿತು ಶಾಲೆಯ ಕಥೆ ಹೇಳುವರು, ಹೇಳಿದ್ದನ್ನೇ ಹೇಳುವರು. ಓಣಿ ದಾಟಿ ಹೋಗುವ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ.

ಇದು ಅವರು ಮಾತಾಡಿಕೊಂಡು ಹಚ್ಚಿಕೊಂಡ ಪಾಳಿ ಎಂದು ನನಗೆ ತಿಳಿಯಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಅಂಗಳ ಗುಡಿಸುತ್ತ ಅಧ್ಯಕ್ಷರನ್ನು ಸರಿಯಾಗಿ ನೋಡಿದೆ. ಮೊಣಕಾಲು ನೋವಿನ ಮನುಷ್ಯ. ಎರಡೂ ಹಿಮ್ಮಡಿ ನೆಲಕ್ಕೆ ಊರಿ, ಒಂದು ಕೈಯಿಂದ ಕಲ್ಲಿನ ಅಂಚು ಬಿಗಿಹಿಡಿದು ಕುಳಿತಿದ್ದರು. ಸ್ವಲ್ಪ ಸ್ವಲ್ಪವೇ ಜಾರುವರು, ಮತ್ತೆ ಮೇಲಕ್ಕೆ ಸರಿದು ಕೂಡುವರು.

"ಓಣ್ಯಾಗ ಇಷ್ಟ ಕಟ್ಟಿ ಅದಾವಲ್ರಿ," ಅಂದೆ. "ಈ ಜಾರೂ ಕಟ್ಟೀನ ಯಾಕ ಬೇಕಿತ್ರಿ ನಿಮಗ?"

"ಮಾಸ್ತರ ಹೊರಗ ಬರೂದು ಈ ಬಾಗಲದಿಂದ ಅಲ್ಲೇನ್ರಿ ಅಕ್ಕೋರ," ಅಂದರು.

ಒಳಗೆ ಹೋಗಿ ಅತ್ತೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಅತ್ತು ಮುಗಿದ ಮೇಲೆ ಅದೇ ಗೌಂಡಿಗೆ ಫೋನ್ ಮಾಡಿದೆ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮನೆಯ ಒರಟು ಚಪ್ಪಡಿಗಳನ್ನು ತೋರಿಸಿ, ಈ ಗ್ರಾನೈಟ್ ಕಿತ್ತು ಇವನ್ನು ಸಮನಾಗಿ ಹಾಸು ಅಂದೆ.

"ಮಳಿನೀರು ನಿಲ್ತದಲ್ರಿ ಅಕ್ಕೋರ?" ಎಂದು ಕೇಳಿದ ಅವನು, ನಗು ತಡೆದುಕೊಂಡು.

"ನಿಲ್ಲಲಿ ಬಿಡಪಾ," ಅಂದೆ.

ಗೇಟಿನ ಮಾತು ಅಲ್ಲಿಗೇ ನಿಂತಿತು. ಈಗ ಸಂಘದ ಸಭೆಗೆ ನಾನೇ ಚಹಾ ಮಾಡುತ್ತೇನೆ, ಹೊಸ ಮನೆ ಕಟ್ಟುವವರ ಬಾಗಿಲಿಗೆ ಹೋಗುವ ನಾಲ್ವರಲ್ಲಿ ನಾನೂ ಒಬ್ಬಳು. ಈ ಓಣಿ ನನಗೆ ಮಾಡಿದ ಉಪಕಾರ ಈ ಜನ್ಮದಲ್ಲಿ ತೀರುವಂಥದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ಮೊನ್ನೆ ಯಲಬುರ್ಗಾ ಸಂತೆಯಿಂದ ಕಾಯಿಪಲ್ಲೆ ಚೀಲ ಹೊತ್ತು ಬಂದೆ. ಯಜಮಾನರು ಅಧ್ಯಕ್ಷರ ಜೊತೆ ಕಟ್ಟೆಯ ಮೇಲಿದ್ದರು. ನನ್ನನ್ನು ತುಸು ಹೊತ್ತು ನೋಡಿದರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಹಾಗಾದದ್ದು ಅದೇ ಮೊದಲ ಸಲ. ಚೀಲ ಕೈಯಲ್ಲೇ ಉಳಿಯಿತು.

"ಬಿಸಲಾಗ ಬಂದೀರಿ ತಾಯಿ, ಕುಂದರ್ರಿ," ಅಂದರು ಯಜಮಾನರು. "ನಮ್ಮ ಓಣ್ಯಾಗ ಯಾರ ಬಂದ್ರೂ ಎರಡ ನಿಮಿಷ ಕುಂತು ಹೋಗ್ತಾರ."

ಅಧ್ಯಕ್ಷರು ನೆಲ ನೋಡುತ್ತ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಚೀಲ ಇಳಿಸಿ ಯಜಮಾನರ ಪಕ್ಕದಲ್ಲಿ ಕುಳಿತೆ.