ಹಾಲೇಶಪ್ಪನವರು ಆಡದ ಮಾತು

ಕೊಟ್ರಮ್ಮ, ನಿಮ್ಮಪ್ಪ ಹಾಲೇಶಪ್ಪನವರು ಸಾಯುವ ಮುಂಚೆ ಆಡಿದರೆಂದು ನಾನು ಊರಿಗೆಲ್ಲ ಹೇಳಿದ ಆ ಮಾತನ್ನು ಅವರು ಆಡಲಿಲ್ಲ. ಅದು ನನ್ನ ಮಾತು. ನಾನೇ ಹೊಸೆದು ಅವರ ಬಾಯಿಗೆ ಇಟ್ಟೆ — ಆ ಬಾಯಿ ಇನ್ನು ತೆರೆಯುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ. ಅವರು ನಿಜವಾಗಿ ಕೇಳಿದ್ದು ಬೇರೆ. ನಿಮ್ಮ ಹೊಲದಲ್ಲಿ, ನಿಮ್ಮವ್ವನ ಪಕ್ಕದಲ್ಲಿ ಮಣ್ಣು ಮಾಡಿ ಎಂದಿದ್ದರು. ಅದನ್ನು ನಾನು ನುಂಗಿಬಿಟ್ಟೆ.

ಇಷ್ಟು ಬರೆಯುವಷ್ಟರಲ್ಲಿ ಎಷ್ಟು ಸಲ ಎದ್ದು ಹಿತ್ತಲಿಗೆ ಹೋಗಿ ಬಂದೆನೋ. ಹಿತ್ತಲಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. "ಹೊಟ್ಟೆ ಸರಿ ಇಲ್ಲೇನ್ರೀ?" ಎಂದು ಹೆಂಡತಿ ಕೇಳಿದಳು. ಹೌದು ಎಂದೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

ನಾನು ಎಂಥವನೆಂದು ನಿನಗೆ ಗೊತ್ತು. ಆದರೂ ಹೇಳಬೇಕು, ಏಕೆಂದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಚನ್ನಗಿರಿಯ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಆ ಹುದ್ದೆಯ ಘನತೆ ಎಲ್ಲರಿಗೂ ತಿಳಿದಿರುವುದಿಲ್ಲ. ಗಣಿತದ ಪಾಠ ಹಿಂದೆ ಬಿದ್ದರೆ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೆ. ವಿಜ್ಞಾನ ಹಿಂದೆ ಬಿದ್ದರೆ ವಿಜ್ಞಾನಕ್ಕೆ. ಯಾವುದೂ ಹಿಂದೆ ಬೀಳದಿದ್ದರೆ ಮಕ್ಕಳು ಮೈದಾನಕ್ಕೆ. ಹೀಗಾಗಿ ಸ್ಟಾಫ್ ರೂಮಿನಲ್ಲಿ ಕೂತು ಯೋಚನೆ ಮಾಡಲೆಂದೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು ಎನ್ನಬಹುದು. ನಾನೂ ಸಂಬಳಕ್ಕೆ ಮೋಸ ಮಾಡದೆ ಯೋಚನೆ ಮಾಡಿದೆ.

ಬಸ್ಸಿನ ಊರ ಬೋರ್ಡನ್ನು ಹಿಂದುಗಡೆಗೂ ಹಾಕಬೇಕೆಂದು ನ್ಯಾಮತಿಯ ಬಸ್ ಮಾಲೀಕರೊಬ್ಬರಿಗೆ ಹೇಳಿದೆ. ನಮ್ಮ ಕಡೆಯ ಜನ ಬಸ್ಸನ್ನು ಮುಂದಿನಿಂದ ನೋಡುವುದೇ ಅಪರೂಪ, ನೋಡುವುದೆಲ್ಲ ಹಿಂದೆ ಓಡುವಾಗ. ಮದುವೆ ಊಟಕ್ಕೆ ದೂರದೂರಿನವರನ್ನು ಮೊದಲ ಪಂಕ್ತಿಗೆ ಕೂರಿಸಿ, ಊರವರು ಕಡೆಗೆ ಕೂರಬೇಕೆಂದು ಸಾಸ್ವೆಹಳ್ಳಿಯ ಮದುವೆಯೊಂದರಲ್ಲಿ ಹೇಳಿದೆ. ಬಸ್ ಮಾಲೀಕರು ಟೀ ಕುಡಿಸಿ ಕಳಿಸಿದರು. ಮದುವೆ ಮನೆಯವರು ಅದನ್ನೂ ಮಾಡಲಿಲ್ಲ. ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನು ಬಾಯಿ ತೆರೆದರೆ ಸಾಕು, ಕಟ್ಟೆಯ ಮೇಲಿದ್ದವರು ಮೊದಲೇ ನಗಲು ತಯಾರಾಗಿ ಕೂರುತ್ತಿದ್ದರು. ನಾನೂ ಅವರೊಂದಿಗೆ ನಗುತ್ತಿದ್ದೆ. ಒಳಗೆ — ಹೋಗಲಿ.

ಆಮೇಲೆ ಬಂತು ಮೆಕ್ಕೆಜೋಳದ ವಿಚಾರ.

ಕೊಯ್ಲು ಮುಗಿದರೆ ನ್ಯಾಮತಿಯ ರಸ್ತೆ ನಮ್ಮ ಪಾಲಿಗೆ ರಸ್ತೆಯಾಗಿ ಉಳಿಯುತ್ತಿರಲಿಲ್ಲ. ಅರ್ಧ ಟಾರಿನ ಮೇಲೆ ಜೋಳ, ಜೋಳದ ಸುತ್ತ ಗಾಡಿ ಹತ್ತದಂತೆ ಕಲ್ಲು, ಉಳಿದರ್ಧದಲ್ಲಿ ಎದುರುಬದುರು ಬರುವ ಬಸ್ಸು, ಬೈಕು, ಟ್ರ್ಯಾಕ್ಟರು. ಜೋಳ ಎತ್ತಿದ ಮೇಲೂ ಕಲ್ಲುಗಳು ಅಲ್ಲೇ. ಪ್ರತಿ ವರ್ಷ ಯಾರಾದರೊಬ್ಬರು ಬೀಳುತ್ತಿದ್ದರು. ಇತ್ತ ಊರ ಪಕ್ಕದಲ್ಲೇ ನಮ್ಮ ರುದ್ರಭೂಮಿ — ವಿಶಾಲ, ಸಮತಟ್ಟು, ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಮರದ ಕಾಟವಿಲ್ಲ. ಹೊಲ ಇದ್ದವರು ತಮ್ಮ ತಮ್ಮ ಹೊಲದಲ್ಲೇ ಹೂಳುವುದರಿಂದ ಮುಕ್ಕಾಲು ಭಾಗ ಖಾಲಿ. ಅದರ ಒಂದು ಬದಿಗೆ ಗಾರೆ ಹಾಕಿಸಿ ಕಣ ಮಾಡಿದರೆ ಊರಿನ ಜೋಳವೆಲ್ಲ ಅಲ್ಲಿ ಒಣಗುತ್ತದೆ, ರಸ್ತೆ ರಸ್ತೆಯಾಗುತ್ತದೆ.

ಇದನ್ನು ಊರ ಸಭೆಯಲ್ಲಿ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ಗಲಾಟೆಯನ್ನು ನಿನಗೆ ಹೇಳುವುದು ಬೇಡ. "ಸೂತಕದ ಜೋಳ ಯಾರು ತಿಂತಾರ್ರೀ?" ಎಂದು ಒಬ್ಬ ಕೇಳಿದ. ನಾವು ತಿನ್ನುವ ಜೋಳವಲ್ಲಪ್ಪ ಅದು, ಲಾರಿ ಹತ್ತಿ ಹೋಗಿ ಕೋಳಿ ತಿನ್ನುವ ಜೋಳ. ಕೋಳಿಗೆ ಸೂತಕವಿಲ್ಲ ಎಂದೆ. ನಾನು ಆಡಿದ ಮಾತುಗಳಲ್ಲೇ ಅತ್ಯಂತ ಗಟ್ಟಿ ಮಾತು ಅದೆಂದು ಈಗಲೂ ನಂಬಿದ್ದೇನೆ. ಒಂದಿಬ್ಬರು ತಲೆ ಆಡಿಸಿದ್ದನ್ನೂ ನೋಡಿದೆ. ಆಗ ಊರ ಗೌಡರಾದ ನಿಮ್ಮಪ್ಪ ಎದ್ದು ನಿಂತು, ಹೆಗಲ ಟವೆಲ್ಲು ಕೊಡವಿ, ನಿಧಾನವಾಗಿ ಹೇಳಿದರು:

"ಮೇಷ್ಟ್ರೇ, ಮದ್ಲು ನೀವು ಹೋಗಿ ಅಲ್ಲಿ ಮಲಗ್ರಿ. ನೆಲ ಬೆಚ್ಚಗೈತಾ ಇಲ್ಲಾ ನೋಡಿ ಒಂದ್ಮಾತು ಹೇಳ್ರಿ. ಆಮ್ಯಾಕೆ ನಾವು ಜೋಳ ಹಾಕ್ತೀವಿ."

ಊರೇ ನಕ್ಕಿತು. ತಲೆ ಆಡಿಸಿದವರೂ ನಕ್ಕರು. ಮಾತು ಚೆನ್ನಾಗಿತ್ತು, ಅದನ್ನು ನಾನು ಒಪ್ಪಲೇಬೇಕು. ನಾನೇ ಅಂದಿದ್ದರೆ ಜನ್ಮವಿಡೀ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಅಲ್ಲಿಂದ ಮುಂದೆ ಟೀ ಅಂಗಡಿಗೆ ಹೋದರೂ "ಮೇಷ್ಟ್ರೇ, ನೆಲ ಬೆಚ್ಚಗೈತಾ?" — ಬಸ್ಸು ಹತ್ತಿದರೂ ಅದೇ, ಹೊನ್ನಾಳಿ ಸಂತೆಯಲ್ಲಿ ಕಂಡವರ ಬಾಯಲ್ಲೂ ಅದೇ. ನಾನು ಮಾತಾಡುವುದನ್ನೇ ಬಿಟ್ಟೆ. ಬಿಟ್ಟವನ ಎದೆಯೊಳಗೆ ಏನು ಬೆಳೆಯುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮುಂದಿನದು ನಿನಗೆ ಗೊತ್ತಿರುವುದೇ. ನಿಮ್ಮಪ್ಪ ನಿನ್ನ ಚಿಕ್ಕಪ್ಪನ ಮಗನ ಬೈಕಿನ ಹಿಂದೆ ಕೂತು ನ್ಯಾಮತಿಯಿಂದ ಬರುತ್ತಿದ್ದರು. ತಾವೇ ರಸ್ತೆಗೆ ಹರವಿಸಿದ್ದ ಜೋಳದ ಮೇಲೆ ಗಾಡಿ ಜಾರಿತು. ತಾವೇ ಇಡಿಸಿದ್ದ ಕಲ್ಲಿಗೆ ಬಿದ್ದು ಸೊಂಟ ಮುರಿಯಿತು. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಕೊಟ್ರಮ್ಮ. ಆದದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ. ಅದಾದ ಮೇಲೆ ದುಃಖವಾಯಿತು, ನಿಜವಾಗಿಯೇ ಆಯಿತು, ದಿನಾ ಹೋಗಿ ಅವರ ಮಂಚದ ಪಕ್ಕ ಕೂತೆ. ಗೇಲಿ ಮಾಡಿದವರಾದರೂ ನನ್ನ ಮಾತಿಗೆ ಉತ್ತರ ಕೊಡುವಷ್ಟು ಲಕ್ಷ್ಯ ಕೊಟ್ಟವರು ಊರಿನಲ್ಲಿ ಅವರೊಬ್ಬರೇ ಎಂಬುದು ಆಗ ಹೊಳೆಯಿತು. ಆದರೆ ರುದ್ರಭೂಮಿಯ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಅವರು ತಪ್ಪಾಯಿತೆಂದು ಹೇಳಲಿಲ್ಲ. ನಾನು ಅದಕ್ಕೇ ಕಾಯುತ್ತಿದ್ದೆನೋ ಏನೋ.

ಕೊನೆಯ ದಿನ ನಡು ಮಧ್ಯಾಹ್ನ ಅವರ ಪಕ್ಕದಲ್ಲಿದ್ದವನು ನಾನೊಬ್ಬನೇ. ಮೇಲೆ ಬರೆದದ್ದನ್ನು ಅವರು ಕೇಳಿಕೊಂಡರು. ಆಯ್ತು ಎಂದೆ. ಕೈ ಹಿಡಿದು ಹೇಳಿದೆ. ಆಗ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ — ಇದನ್ನು ನಂಬು ಎಂದು ಕೇಳುವ ಹಕ್ಕು ನನಗಿಲ್ಲ.

ನೀನು ಗಂಡನ ಊರು ಸೊಕ್ಕೆಯಿಂದ ಬಸ್ಸು ಬದಲಿಸಿ ಬದಲಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಲದಲ್ಲಿ ನಿಮ್ಮವ್ವನ ಪಕ್ಕಕ್ಕೆ ಕುಣಿ ತೋಡುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ; ನಿಮ್ಮಪ್ಪನ ಜಾಗ ಅದೇ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರು ಕೇಳಿದ್ದು ತಾನಾಗಿಯೇ ನಡೆದುಹೋಗುತ್ತಿತ್ತು. ಜೀವಮಾನದಲ್ಲಿ ಒಮ್ಮೆ, ಸುಮ್ಮನಿದ್ದರೆ ಸಾಕಾಗಿತ್ತು.

ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ಕೊನೀಗೆ ನೀವೇ ಇದ್ರಲ್ಲ. ಗೌಡ್ರು ಏನಾದ್ರೂ ಅಂದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಆ ಅಂಗಳದ ಅಷ್ಟೂ ಮುಖಗಳು, ನಗದೆ, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದವು. ಅಂಥದ್ದು ನನಗೆ ಅದೇ ಮೊದಲು. ಆಮೇಲೆ ನನ್ನ ಬಾಯಿ ತಾನೇ —

ಇಲ್ಲ. ಬಾಯಿ ತಾನೇ ಆಡಲಿಲ್ಲ. ನಾನು ಆಡಿದೆ.

"ಅಂದ್ರು. 'ನನ್ನನ್ನ ರುದ್ರಭೂಮಿಯಾಗೇ ಇಡ್ರಿ. ನಾನು ಮದ್ಲು ಹೋಗಿ ಮಲಗಿದ ಮ್ಯಾಲೆ ಊರೋರಿಗೆ ಅಲ್ಲಿ ಜೋಳ ಹರವಾಕೆ ಅಂಜಿಕೆ ಇರಂಗಿಲ್ಲ. ರಸ್ತ್ಯಾಗೆ ಬ್ಯಾಡ್ರಿ ಇನ್ನು' ಅಂದ್ರು."

ಅವರ ಗೇಲಿಯನ್ನೇ ಮಗುಚಿ ಅವರ ಕೊನೆಯ ಮಾತು ಮಾಡಿದ್ದೆ. ಎಷ್ಟು ಚೆನ್ನಾಗಿ ಕೂತಿತೆಂದರೆ, "ಗೌಡ್ರ ಮಾತೇ ಇದು" ಎಂದು ಯಾರೋ ಕಣ್ಣೊರೆಸಿಕೊಂಡರು. ಸೊಂಟ ಮುರಿದ ಮನುಷ್ಯನಿಗೆ ಬುದ್ಧಿ ಬಂತು, ಊರಿಗಾಗಿ ಹೆಂಡತಿಯ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟ ಎಂದು ಊರು ತಾನೇ ಅರ್ಥ ಕಟ್ಟಿಕೊಂಡಿತು. ನಾನು ಹೇಳಿದಾಗ ಹುಚ್ಚಾಗಿದ್ದದ್ದು ಸತ್ತವರು ಹೇಳಿದಾಗ ವಿವೇಕವಾಯಿತು.

ನೀನು ಒಳಗಿನಿಂದ ಬಂದು ಬಾಗಿಲ ಬಳಿ ನಿಂತೆ. "ಅವ್ವನ ಬಗ್ಗೆ ಏನಂದ್ರು ಮೇಷ್ಟ್ರೇ?" ಎಂದೆ.

ಅಲ್ಲಿ ನಾನು ತಿರುಗಿ ಬರಬಹುದಿತ್ತು. ಆದರೆ ನಿಮ್ಮವ್ವನ ಹೆಸರು ಬಂದರೆ ಕಟ್ಟಿದ್ದು ಕುಸಿಯುತ್ತಿತ್ತು. "ಏನೂ ಅನ್ಲಿಲ್ಲವ್ವ" ಎಂದೆ. ಅಷ್ಟಕ್ಕೇ ಬಿಡದೆ, "ನಿನಗೆ ಮಾತ್ರ, ತಪ್ಪು ತಿಳ್ಕೊಬ್ಯಾಡ ಅಂತ ಹೇಳಾಕೆ ಅಂದ್ರು" ಎಂದು ಸೇರಿಸಿದೆ. ಚಿತ್ರಕ್ಕೆ ಸ್ವಲ್ಪ ನೆರಳು ಕೊಟ್ಟರೆ ಅದು ನಿಜವಾದ ವಸ್ತುವಿನಂತೆ ಎದ್ದು ಕಾಣುತ್ತದೆ ಎಂದು ಮಕ್ಕಳಿಗೆ ಕಲಿಸಿದವನಲ್ಲವೇ ನಾನು.

ತೋಡಿದ ಕುಣಿಯನ್ನು ಬರಿದೆ ಮುಚ್ಚಬಾರದೆಂದು ಬಾಳೆದಿಂಡು ಇಟ್ಟು ಮುಚ್ಚಿದರು. ನಿಮ್ಮವ್ವನ ಪಕ್ಕದಲ್ಲಿ ಇರುವುದು ಅದು.

ಕಣ ಆಯಿತು. ಗಾರೆ ಬಿತ್ತು. ಮೊದಲ ವರ್ಷ ಅಳುಕುತ್ತ ನಾಲ್ಕು ಮನೆಯವರು ಹರವಿದರು, ಮರುವರ್ಷ ಜಾಗಕ್ಕೆ ಜಗಳವಾಯಿತು. ರಸ್ತೆಯಲ್ಲಿ ಯಾರೂ ಬೀಳಲಿಲ್ಲ. ಬೇರೆ ಊರಿನವರು ಬಂದು ನೋಡಿಕೊಂಡು, "ಎಂಥಾ ತಲೆ ನಿಮ್ಮ ಗೌಡ್ರದು!" ಎಂದು ಹೋದರು. ನಾನು ಕೈ ಕಟ್ಟಿಕೊಂಡು ನಿಂತು ಹೌದು ಹೌದೆಂದೆ. ಇಷ್ಟು ಒಳ್ಳೆಯದಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎಷ್ಟೋ ದಿನ ಊಟ ಮಾಡಿದ್ದೇನೆ. ಆದರೆ ಅಂಗಳದಲ್ಲಿ ಬಾಯಿ ತೆರೆದಾಗ ರಸ್ತೆ ನನ್ನ ನೆನಪಿನಲ್ಲಿ ಇರಲಿಲ್ಲ. ಸಭೆಯ ಆ ನಗು ಇತ್ತು. ಅದನ್ನು ಅವರಿಗೆ ವಾಪಸು ಕೊಡಬೇಕಿತ್ತು, ಕೊಟ್ಟೆ — ಮಾತಾಡಲಾರದ ಮನುಷ್ಯನಿಗೆ.

ಹೋದ ವಾರ ಊರವರು ಅವರ ಸಮಾಧಿಯ ಹತ್ತಿರ ಕಲ್ಲು ತಂದು ನಿಲ್ಲಿಸಿ, ಆ ಮಾತನ್ನೇ ಕೆತ್ತಿಸೋಣ, ಅಕ್ಷರದ ಅಚ್ಚು ಮೇಷ್ಟ್ರೇ ಬರೆದುಕೊಡಲಿ ಎಂದರು. ನಿನ್ನನ್ನೂ ಕರೆಸಿದರು. ನಾನು ಸೀಮೆಸುಣ್ಣ ಹಿಡಿದು ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದೆ. ನೀನು ಪಕ್ಕದಲ್ಲಿ ಕೂತು, ಸೆರಗಿನಿಂದ ಕಲ್ಲಿನ ಧೂಳು ಒರೆಸುತ್ತ ಕೇಳಿದೆ:

"ಒಂದು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ ಮೇಷ್ಟ್ರೇ. ಅಪ್ಪಗೆ ಅವ್ವನ ಮ್ಯಾಲೆ ಸಿಟ್ಟಿತ್ತಾ?"

ನಾನು ಎಳೆದ ಗೆರೆಯ ಮೇಲೇ ಮತ್ತೆ ಗೆರೆ ಎಳೆದೆ. ನೀನೇ ಮುಂದುವರಿಸಿದೆ.

"ಊರಿಗೋಸ್ಕರ ಹಂಗಂದ್ರು ಅಂತ ಎಲ್ರೂ ಅಂತಾರೆ. ಇರಬೋದು. ಆದ್ರೆ ಅಷ್ಟು ವರ್ಷ ಜತಿಗಿದ್ದೋಳು, ಕೊನೀಗೆ ಆಕಿ ಹೆಸರೂ ಬಾಯಾಗೆ ಬರ್ಲಿಲ್ಲ ಅಂದ್ರೆ... ಅವರಿಬ್ರೂ ಚೆನ್ನಾಗಿದ್ರು ಅಂತ ನಾನೇ ತಪ್ಪು ತಿಳ್ಕಂಡಿದ್ನೇನೋ. ಅವ್ವ ಏನು ನುಂಗ್ಕಂಡು ಬಾಳಿದ್ಲೋ. ಇಲ್ಲಿಗೆ ಬಂದಾಗೆಲ್ಲ ಮದ್ಲು ಅಪ್ಪನ ತಾವ ಬರ್ತೀನಿ, ಆಮ್ಯಾಕೆ ಹೊಲಕ್ಕೆ ಹೋಗ್ತೀನಿ. ಅವ್ವನ ಮುಂದೆ ಕೂರಾಕೆ ನಾಚಿಕೆ ಆಗ್ತೈತ್ರಿ."

ಅಷ್ಟು ವರ್ಷದಿಂದ ನೀನು ಇದನ್ನು ಹೊತ್ತು ಸೊಕ್ಕೆಗೂ ಇಲ್ಲಿಗೂ ತಿರುಗಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಒಂದು ಹೆಣವನ್ನು ಮಾತ್ರ ಬೇರೆ ಕಡೆ ಇಟ್ಟಿತೆಂದುಕೊಂಡಿದ್ದೆ. ಅದು ನಿಮ್ಮಪ್ಪ ನಿಮ್ಮವ್ವ ಬಾಳಿದ ಬಾಳನ್ನೇ ನಿನ್ನ ಕಣ್ಣೆದುರು ಕೆಡಿಸಿಬಿಟ್ಟಿತ್ತು.

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದೇನು ಗೊತ್ತೇ? "ಬಿಸಿಲು ಜಾಸ್ತಿ ಆಯ್ತವ್ವ, ಇನ್ನೊಂದಿನ ಬರೀತೀನಿ." ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಲ್ಲಿಂದ ಈ ತನಕ ಕೂತಲ್ಲಿ ಕೂರಲಾಗಿಲ್ಲ, ನಿಂತಲ್ಲಿ ನಿಲ್ಲಲಾಗಿಲ್ಲ.

ನಾಳೆ ಜಗಳೂರಿಗೆ ಬಂದು, ಅಲ್ಲಿಂದ ಸೊಕ್ಕೆಗೆ ಬರುತ್ತೇನೆ. ಇದನ್ನು ನಿನ್ನೆದುರು ನಾನೇ ಓದುತ್ತೇನೆ. ಬಾಯಿಂದ ಹೇಳಲು ಹೋದರೆ ಎಲ್ಲಿ ಮತ್ತೆ ನೆರಳು ಕೊಡಲು ಶುರುಮಾಡುತ್ತೇನೋ ಎಂದು ಭಯ. ಆಮೇಲೆ ಊರ ಸಭೆಯಲ್ಲೂ ಹೇಳುತ್ತೇನೆ. ಜೋಳ ಮತ್ತೆ ರಸ್ತೆಗೆ ಬಂದರೆ ಬರಲಿ — ಬರಬಾರದು, ಬಂದರೆ ದಿನಾ ಕಲ್ಲು ಎತ್ತಿ ಪಕ್ಕಕ್ಕೆ ಹಾಕುತ್ತೇನೆ, ಅದೊಂದು ಕೆಲಸವಾದರೂ ನನ್ನ ಹೆಸರಿನಲ್ಲಿ ಇರಲಿ. ನಗುವವರು ನಗಲಿ. ನಿಮ್ಮಪ್ಪನನ್ನು ಎತ್ತಿ ಹೊಲಕ್ಕೆ ಒಯ್ಯಬೇಕೆಂದು ನಿನಗೆ ಅನ್ನಿಸಿದರೆ, ಊರು ಏನೇ ಅಂದರೂ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ಅದಕ್ಕೂ ಉತ್ತರ ಕೊಡುವ ಹೊರೆ ನಿನ್ನ ತಲೆಗೇ ಬೀಳುತ್ತದೆ.

ಇನ್ನು ಅವರ ಮಾತು. ನನ್ನದೇನೂ ಸೇರಿಸದೆ, ಇದ್ದ ಹಾಗೆ:

"ಕೊಟ್ರಿ ಬಂದ್ಲಾ? ಬರ್ಲಿಲ್ಲಾ... ಬಂದ್ರೆ ಹೇಳ್ರಿ. ನಮ್ಮಾಕಿ ಮಗ್ಗುಲಿಗೇ ಇಡ್ರಿ ನನ್ನ. ಬಲಗಡೆ ಇಡ್ರಿ, ಎಡಗಡೆ ಬ್ಯಾಡ. ಆಕಿಗೆ ಎಡಗಿವಿ ಕೇಳಂಗಿಲ್ಲ."

ನಾನು ಆಯ್ತು ಎನ್ನುವುದು ತಡವಾದ್ದರಿಂದ ಕೇಳಿಸಿತೋ ಇಲ್ಲವೋ ಎಂದು ಅವರಿಗೆ ಅನುಮಾನ ಬಂತು. ಇನ್ನೊಮ್ಮೆ ಹೇಳಿದರು.

ಕೇಳಿಸಿತ್ತು, ಕೊಟ್ರಮ್ಮ. ಮೊದಲ ಸಲವೇ ಕೇಳಿಸಿತ್ತು.